ಬಾನೆಟ್ ಮೇಲೆ ಕುಂದಾ ಇಡಬೇಡಿ

(ಓದುಗರ ಪ್ರಶ್ನೆಗಳಿಗೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಉತ್ತರ. ಈ ಸಲದ ವಿಷಯ: ದಾರಿಯಲ್ಲಿ ಕೊಳ್ಳುವ ಸಿಹಿ)

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಹಿ ಮಾಡಿದವನಲ್ಲ, ಹೊತ್ತವನು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಹೆಚ್ಚಿನದು ಬೆಳಗಾವಿ–ಬೆಂಗಳೂರು ರಾತ್ರಿ ಬಸ್ಸಿನಲ್ಲೇ ಹೋಯಿತು. ನಡುವೆ ಐದಾರು ವರ್ಷ ಬಾಗಲಕೋಟೆ ಕಡೆಯ ರೂಟು. ಬಸ್ಸು ಬಿಡಲು ಎರಡು ನಿಮಿಷ ಇರುವಾಗ ಯಾರಾದರೂ ಓಡಿ ಬಂದು, "ಸಾಹೇಬ್ರ, ಇದೊಂದ್ ಡಬ್ಬಿ ಮೆಜೆಸ್ಟಿಕ್‌ನ್ಯಾಗ ನಮ್ ತಮ್ಮಗ ಮುಟ್ಟಿಸಿಬಿಡ್ರಿ, ನಿಮ್ಗ ಪುಣ್ಯ ಬರ್ತದ" ಎನ್ನದ ವಾರವೇ ಇರಲಿಲ್ಲ. ಲಗೇಜ್ ಟಿಕೆಟ್ ಹರಿಯದೆ ಡಬ್ಬಿ ಒಯ್ಯುವುದು ತಪ್ಪು. ಹರಿದೇ ಒಯ್ದಿದ್ದೇನೆ, ಕೆಲವೊಮ್ಮೆ ನನ್ನ ಕಿಸೆಯಿಂದ ಕೊಟ್ಟು. ಹಾಗಾಗಿ ಯಾವ ಸಿಹಿ ಎಷ್ಟು ದೂರ ತಾಳುತ್ತದೆ ಎಂದು ಕೇಳಿದರೆ ಧೈರ್ಯವಾಗಿ ಹೇಳಬಲ್ಲೆ. ಪತ್ರಗಳು ರಾಶಿ ಬಂದಿವೆ. ಕೈಗೆ ಸಿಕ್ಕಷ್ಟಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ಬೆಳಗಾವಿಗೆ ಕಾರಿನಲ್ಲಿ ಮದುವೆಗೆ ಹೋಗುತ್ತಿದ್ದೇವೆ. ವಾಪಸು ಬರುವಾಗ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಬೆಂಗಳೂರಿಗೆ ಮರಳುತ್ತೇವೆ. ಕುಂದಾ, ಪೇಡೆ ಎರಡೂ ತರಬೇಕು. ಯಾವುದನ್ನು ಯಾವಾಗ ಕೊಳ್ಳಬೇಕು? — ಓದುಗರು, ವಿಜಯನಗರ, ಬೆಂಗಳೂರು

ಕುಂದಾವನ್ನು ಬೆಂಗಳೂರಿಗೆ ತರುವ ಆಸೆ ಬಿಡಿ. ಬೆಳಗಾವಿಯಲ್ಲಿ ಒಂದು ಕಿಲೋ ಕೊಂಡು ಅಕ್ಕನ ಮನೆಗೆ ಕೊಡಿ, ಅಲ್ಲೇ ಎಲ್ಲರೂ ಕೂತು ಮುಗಿಸಿ. ಪೇಡೆಯನ್ನು ಮಾತ್ರ ಹೊರಡುವ ದಿನ ಬೆಳಿಗ್ಗೆ ಕೊಳ್ಳಿ. ಹುಬ್ಬಳ್ಳಿಯಿಂದ ಧಾರವಾಡ ಇಪ್ಪತ್ತು ಕಿಲೋಮೀಟರ್. ಭಾವನನ್ನು ಬೇಗ ಎಬ್ಬಿಸಿ ಕಳಿಸಿದರೆ ನೀವು ಸ್ನಾನ ಮುಗಿಸುವಷ್ಟರಲ್ಲಿ ತಂದಿರುತ್ತಾರೆ.

ಏಕೆಂದು ಕೇಳಿ. ಎರಡೂ ಹಾಲಿನ ಸಿಹಿಯೇ, ಆದರೆ ಪೇಡೆ ಒಣಗಿದ್ದು, ಕುಂದಾ ಹಸಿಯದು. ಕುಂದಾದಲ್ಲಿ ಹಾಲಿನ ಪಸೆ ಉಳಿದಿರುತ್ತದೆ, ಬೆರಳಲ್ಲಿ ಒತ್ತಿದರೆ ಕಾಳುಕಾಳಾಗಿ ಬಿಡಿಸಿಕೊಳ್ಳುತ್ತದೆ. ಅದರ ರುಚಿ ಇರುವುದೇ ಆ ಪಸೆಯಲ್ಲಿ, ಕೆಡುವುದೂ ಅದರಿಂದಲೇ. ಒಬ್ಬ ಮಾರವಾಡಿ ಹಲವಾಯಿ ಹಾಲನ್ನು ಒಲೆಯ ಮೇಲೆ ಮರೆತು ಹೋಗಿ, ಬಂದು ನೋಡಿದಾಗ ಅದು ಕಂದಾಗಿ ಗಟ್ಟಿಯಾಗಿತ್ತು, ಅದೇ ಕುಂದಾ ಆಯಿತು ಎಂದು ಬೆಳಗಾವಿಯವರು ಕತೆ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಹೊರಗಿಟ್ಟರೆ ಅದಕ್ಕೆ ಎರಡು ದಿನ, ಬೇಸಿಗೆಯಲ್ಲಿ ಒಂದೇ ದಿನ.

ಈ ಲೆಕ್ಕ ನಾನು ಕಲಿತದ್ದು ಬೈಸಿಕೊಂಡು. ಸರ್ವಿಸಿಗೆ ಸೇರಿ ಎರಡನೇ ವರ್ಷ. ಆಗಿನ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರ್ ಪಕ್ಕದಲ್ಲೇ, ಮೇಲೆ ಬಾನೆಟ್, ಬಾನೆಟ್ ಮೇಲೆ ರೆಗ್ಜಿನ್ ಹೊದಿಕೆ. ಕಣ್ಣ ಮುಂದೆಯೇ ಇರಲಿ, ಯಾರೂ ತುಳಿಯದಿರಲಿ ಎಂದು ಒಬ್ಬ ಮಾಸ್ತರರ ಎರಡು ಕಿಲೋ ಕುಂದಾವನ್ನು ಬಾನೆಟ್ ಮೇಲೆ ಇಟ್ಟೆ. ಚಿತ್ರದುರ್ಗ ದಾಟುವಾಗ ಡ್ರೈವರ್ ಮೂಗು ಅರಳಿಸಿ, "ಏನೋ ಹುಳಿ ವಾಸ್ನಿ ಬರಾಕತ್ತೈತಿ ನೋಡಲೆ" ಎಂದ. ಡಬ್ಬಿ ಎತ್ತಿದರೆ ತಳದ ಹಾಳೆ ತುಪ್ಪದಲ್ಲಿ ನೆನೆದು, ಟಿಕೆಟ್ ಲೆಕ್ಕ ಬರೆಯುವ ನನ್ನ ವೇಬಿಲ್ಲಿಗೆ ಅಂಟಿಕೊಂಡಿತ್ತು. ತುಮಕೂರು ಬರುವಷ್ಟರಲ್ಲಿ ಕುಂದಾ ಮೊಸರಾಗಿತ್ತು. ವೇಬಿಲ್ಲಿನ ಮೇಲಿನ ಎಣ್ಣೆ ಕಲೆಗೆ ಡಿಪೋದಲ್ಲಿ ವಿವರಣೆ ಬರೆದುಕೊಡಬೇಕಾಯಿತು. ಮಾಸ್ತರರ ತಮ್ಮ ಬೈದದ್ದನ್ನು ಇಲ್ಲಿ ಬರೆಯಲಾಗದು.

ನಿಮ್ಮ ಕಾರಿನಲ್ಲೂ ಬಾನೆಟ್ಟಿನಂಥ ಜಾಗ ಒಂದಿದೆ. ಹಿಂದಿನ ಗಾಜಿನ ಕೆಳಗಿನ ಹಲಗೆ. ಎಲ್ಲರೂ ಮಿಠಾಯಿ ಡಬ್ಬಿಗಳನ್ನು ಅಲ್ಲೇ ಇಡುತ್ತಾರೆ, ಮಧ್ಯಾಹ್ನದ ಬಿಸಿಲು ಬೀಳುವುದೂ ಅಲ್ಲಿಯೇ. ಸೀಟಿನ ಕೆಳಗೆ ಇಡಿ.

ಪ್ರಶ್ನೆ: ಮನೆಯಲ್ಲಿ ಖೋವಾ ತಂದು ಪೇಡೆ ಮಾಡಿದೆ. ಸಿಹಿ ಸರಿಯಾಗಿತ್ತು, ಆದರೆ ಬಿಳಿಯಾಗಿಯೇ ಉಳಿಯಿತು. ಧಾರವಾಡದ ಬಣ್ಣ ಬರಲು ಏನು ಹಾಕುತ್ತಾರೆ? — ಗೃಹಿಣಿ, ಶಿವಮೊಗ್ಗ

ಏನೂ ಹಾಕುವುದಿಲ್ಲ ಅಕ್ಕಾ, ಹೊತ್ತು ಹಾಕುತ್ತಾರೆ ಅಷ್ಟೇ. ರಜೆಯ ದಿನ ಒಮ್ಮೆ ಧಾರವಾಡದ ಒಂದು ಮನೆಯ ಹಿತ್ತಲಲ್ಲಿ ನಿಂತು ಪೂರಾ ನೋಡಿದ್ದೇನೆ. ದಪ್ಪ ತಳದ ಕಡಾಯಿ, ಸಣ್ಣ ಉರಿ. ಖೋವಾ ಮೊದಲು ಕರಗಿ ಸಡಿಲಾಗುತ್ತದೆ, ಆಮೇಲೆ ತುಪ್ಪ ಬಿಡುತ್ತದೆ. ನೀವು ನಿಲ್ಲಿಸಿದ್ದು ಬಹುಶಃ ಅಲ್ಲಿಗೇ. ಅವರು ನಿಲ್ಲಿಸುವುದಿಲ್ಲ. ಉದ್ದನೆಯ ಸವಟಿನಲ್ಲಿ ತಳ ಕೆರೆಯುತ್ತಲೇ ಇರುತ್ತಾರೆ. ಬಿಳಿ ಹೋಗಿ ಕೆನೆ, ಕೆನೆ ಹೋಗಿ ಗೋಧಿ, ಗೋಧಿ ಹೋಗಿ ಸುಟ್ಟ ಬೆಲ್ಲದ ಬಣ್ಣ. ಒಣಗಿ ಉದುರು ಮರಳಿನಂತಾದಾಗ ಒಂದು ಮುಷ್ಟಿ ಹಾಲು ಚಿಮುಕಿಸುತ್ತಾರೆ, ಚುಂಯ್ ಎನ್ನುತ್ತದೆ, ಮತ್ತೆ ಹುರಿಯುತ್ತಾರೆ. ಆ ಹುಡುಗನ ರಟ್ಟೆ ನೋಡಿದರೆ ಗರಡಿಗೆ ಹೋಗುವವನಂತೆ ಇತ್ತು. ಆರಿದ ಮೇಲೆ ಪುಡಿ ಮಾಡಿ, ಸಕ್ಕರೆ ಕೂಡಿಸಿ, ನಾದಿ, ಉಂಡೆಗಟ್ಟಿ, ಪುಡಿ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಮೇಲಿನ ಆ ಬಿಳಿ ಸಕ್ಕರೆ ಅಂದಕ್ಕೆ ಮಾತ್ರವಲ್ಲ, ಪೇಡೆ ಒಂದಕ್ಕೊಂದು ಅಂಟುವುದಿಲ್ಲ.

ಪೇಡೆ ನಮ್ಮ ಊರಿನದೇ ಎಂದು ನಾವು ಎದೆ ತಟ್ಟಿಕೊಂಡರೂ ಅದು ವಲಸೆ ಬಂದ ಸಿಹಿ. ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಶುರು ಮಾಡಿದ್ದು. ಲೈನ್ ಬಜಾರಿನ ಬಾಬುಸಿಂಗ್ ಠಾಕೂರ್ ಅಂಗಡಿ ಅದೇ ಮನೆತನದ್ದು. ಇನ್ನೊಂದು ಹೆಸರಾದ ಪೇಡೆ ಅಂಗಡಿ ಮಿಶ್ರಾ ಅವರದು, 1933ರಿಂದ. ಹಾಲು ಮಾತ್ರ ಇಲ್ಲಿಯದೇ, ಸುತ್ತಲಿನ ಗವಳಿಗರು ಸಾಕುವ ಧಾರವಾಡಿ ಎಮ್ಮೆಯದು. ಈಗ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಯೂ ಇದೆ. ಇದ್ದು ಏನು ಮಾಡುವುದು, ಸಿರಾದ ಢಾಬಾದಲ್ಲೂ "ಧಾರವಾಡ ಪೇಡೆ" ಎಂಬ ಡಬ್ಬಿ ತೂಗಾಡುತ್ತದೆ. ಅದರ ಮೇಲೆ ತಯಾರಾದ ಊರಿನ ಹೆಸರು ಹುಡುಕಿ ನೋಡಿ, ಸಣ್ಣ ಅಕ್ಷರದಲ್ಲಿ ಬೇರೆ ಏನಾದರೂ ಇರುತ್ತದೆ.

ಪ್ರಶ್ನೆ: ಗೋಕಾಕ ಕರದಂಟು ಹೆಚ್ಚೋ, ಅಮೀನಗಡದ ಕರದಂಟು ಹೆಚ್ಚೋ? ನನ್ನ ತವರು ಗೋಕಾಕ, ಅತ್ತೆಯವರದು ಹುನಗುಂದ. ಮನೆಯಲ್ಲಿ ಪ್ರತಿ ಹಬ್ಬಕ್ಕೂ ಇದೇ ಜಗಳ. — ಸೊಸೆ, ಬಾಗಲಕೋಟೆ

ತಂಗಿ, ನನ್ನನ್ನು ಇದರಲ್ಲಿ ಸಿಕ್ಕಿಸಬೇಡ. ಎರಡೂ ಕಡೆ ನನಗೆ ಬೀಗರಿದ್ದಾರೆ.

ಜಗಳ ಊರಿನದಲ್ಲ, ಅಂಟಿನದು. ಹೆಸರಲ್ಲೇ ಇದೆ ನೋಡು: ಕರಿದ ಅಂಟು, ಕರದಂಟು. ಮರದ ಅಂಟನ್ನು ಕಾದ ತುಪ್ಪಕ್ಕೆ ಬಿಟ್ಟರೆ ಅರಳಿನಂತೆ ಅರಳಿ ಮೇಲೆ ಬರಬೇಕು. ದೊಡ್ಡ ಹರಳು ಹಾಕಿದರೆ, ಇಲ್ಲವೇ ಅವಸರ ಮಾಡಿದರೆ, ಹೊರಗೆ ಅರಳಿರುತ್ತದೆ, ಒಳಗೆ ಕಲ್ಲು. ಅಂಗಡಿಯಲ್ಲಿ ರುಚಿಗೆ ಒಂದು ಚೂರು ಕೊಡುತ್ತಾರಲ್ಲ, ಅದನ್ನು ದವಡೆ ಹಲ್ಲಲ್ಲಿ ಕಚ್ಚು. ಕರಮ್ ಎಂದು ಪುಡಿಯಾದರೆ ಒಳ್ಳೆಯದು. ಹಲ್ಲಿಗೆ ಅಂಟಿಕೊಂಡು ನಾಲಗೆಯಿಂದ ಕೀಳುವಂತಾದರೆ, ಗೋಕಾಕದ್ದಾಗಲಿ ಅಮೀನಗಡದ್ದಾಗಲಿ, ಮುಂದಿನ ಅಂಗಡಿಗೆ ನಡೆ. ಎರಡನೆಯದು ಕೊಬ್ಬರಿ. ಕರದಂಟು ತಿಂಗಳುಗಟ್ಟಲೆ ಇದ್ದರೂ ಕೆಡುವುದಿಲ್ಲ ಎನ್ನುತ್ತಾರೆ. ಬೆಲ್ಲದ ಪಾಕ, ಉತ್ತತ್ತಿ, ಗೋಡಂಬಿ, ಗಸಗಸೆ ಯಾವುದೂ ಬೇಗ ಕೆಡುವುದಿಲ್ಲ, ನಿಜ. ಆದರೆ ಒಣಕೊಬ್ಬರಿಗೆ ಕಮಟು ಹಿಡಿಯುತ್ತದೆ. ಕೊಳ್ಳುವ ಮೊದಲು ಮೂಸು.

ಅಮೀನಗಡದ ಒಂದು ನೆನಪು. ಐಹೊಳೆಗೆ ಹೋಗುವವರು ಅಲ್ಲೇ ತಿರುಗಬೇಕು. ಬಸ್ಸು ನಿಂತರೆ ಪ್ರವಾಸದ ಮಾಸ್ತರರು ಮಕ್ಕಳನ್ನು ಎಣಿಸುವಷ್ಟರಲ್ಲಿ ಅರ್ಧ ಮಕ್ಕಳು ಕರದಂಟಿನ ಅಂಗಡಿಯಲ್ಲಿರುತ್ತಿದ್ದರು. 1907ರಿಂದ ನಡೆದು ಬಂದ ವಿಜಯಾ ಕರದಂಟು ಅಲ್ಲಿಯದೇ. ಒಮ್ಮೆ ಒಬ್ಬ ಮುದುಕಿ ಡಬ್ಬಿ ಹಿಡಿದು ಹತ್ತಿದಳು, ಹುಬ್ಬಳ್ಳಿಗೆ ಟಿಕೆಟ್. ಮಗಳು ಹಡೆದಿದ್ದಾಳೆ, ಬಾಣಂತಿಗೆ ಅಂಟು ಬೇಕು. ಹಾಗಾದರೆ ಮನೆಯಲ್ಲೇ ಅಂಟಿನ ಉಂಡಿ ಕಟ್ಟಬಹುದಿತ್ತಲ್ಲ ಎಂದೆ. "ಕಟ್ಟೀನಪಾ, ಅದು ಚೀಲದಾಗೈತಿ. ಇದು ಅಳಿಯಾಗ. ಅಂವಾ ಆಕಿ ಉಂಡಿ ಮುಗಸಬಾರ್ದಲ್ಲ" ಎಂದಳು.

ಪ್ರಶ್ನೆ: ಬೆಲ್ಲದಿಂದ ಮಾಡಿದ್ದಾದ್ದರಿಂದ ಸಕ್ಕರೆ ಕಾಯಿಲೆಯವರು ಕರದಂಟು ತಿನ್ನಬಹುದೇ? — ಹಿರಿಯ ನಾಗರಿಕರು, ದಾವಣಗೆರೆ

ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ ಸ್ವಾಮಿ. ನನಗೂ ಇದೆ ಕಾಯಿಲೆ. ಡಾಕ್ಟರು ಬೇಡ ಎಂದಿದ್ದಾರೆ. ನಾನು ಬೆರಳಿನ ಉಗುರಿನಷ್ಟು ತಿಂದು ಹೆಂಡತಿಗೆ ಹೇಳುವುದಿಲ್ಲ. ನೀವು ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಹೆದ್ದಾರಿಯ ಒಂದು ಅಂಗಡಿಯಲ್ಲಿ ಒಂದು ಕಿಲೋ ಸಿಹಿ ಕೊಂಡೆ. ಡಬ್ಬಿ ಸಮೇತ ತೂಗಿದರು. ಕೇಳಿದ್ದಕ್ಕೆ "ಎಲ್ಲಾ ಕಡೆ ಹಿಂಗೇ" ಎಂದರು. ಸರಿಯೇ? — ಓದುಗರು, ಹಾವೇರಿ

ಅಲ್ಲ. ತೂಕ ಎಂದರೆ ಸಿಹಿಯ ತೂಕ, ರಟ್ಟಿನದಲ್ಲ. ಲೆಕ್ಕ ಹಾಕಿ: ಡಬ್ಬಿ ಎಂಬತ್ತು ಗ್ರಾಂ, ಸಿಹಿ ಕಿಲೋಗೆ ಆರುನೂರು ಎಂದಿಟ್ಟುಕೊಳ್ಳಿ. ನಲವತ್ತೆಂಟು ರೂಪಾಯಿಗೆ ರಟ್ಟು ಕೊಂಡ ಹಾಗಾಯಿತು. ನಾನಾದರೆ ಜಗಳಕ್ಕೆ ಹೋಗುವುದಿಲ್ಲ. ಖಾಲಿ ಡಬ್ಬಿ ತಕ್ಕಡಿಯ ಮೇಲೆ ಇಡಿಸಿ, "ಈಗ ಸೊನ್ನೆ ಮಾಡ್ರಿ" ಎನ್ನುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ. ಒಪ್ಪದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನೂ ಮಾಡಬಹುದು.

ಇನ್ನೊಂದು. ಡಬ್ಬಿಯಲ್ಲಿ ಹಾಕಿಡದೆ ತಟ್ಟೆಯಲ್ಲಿಟ್ಟು ಮಾರುವ ಬಿಡಿ ಸಿಹಿಗೂ ಎಂದಿನವರೆಗೆ ತಿನ್ನಬಹುದು ಎಂಬ ದಿನಾಂಕ ಬರೆದಿರಬೇಕೆಂದು 2020ರ ಅಕ್ಟೋಬರ್ 1ರಿಂದ ನಿಯಮ ಬಂತು. ತಟ್ಟೆಯ ಮುಂದೆ ಆ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಕೇಳಿದಾಗ ಮಾರುವವನು ಮಾಲೀಕನ ಮುಖ ನೋಡಿದರೆ ಚಹಾ ಕುಡಿದು ಹೊರಡಿ.

ಪ್ರಶ್ನೆ: ಶಿರಸಿಯಿಂದ ಪುಣೆಗೆ ಮಗನಿಗೆ ತೊಡದೇವು ಒಯ್ದೆ. ತಲುಪುವಾಗ ಪುಡಿಯಾಗಿತ್ತು, ಉಳಿದದ್ದು ಮೆತ್ತಗಾಗಿತ್ತು. ಹೇಗೆ ಒಯ್ಯಬೇಕು? — ಓದುಗರು, ಶಿರಸಿ

ಘಟ್ಟದವರು ನನ್ನನ್ನು ಕೇಳುತ್ತೀರಲ್ಲ, ಸಂತೋಷ. ತೊಡದೇವಿನ ಗುಣವೇ ಅದು. ಅಕ್ಕಿ ಹಿಟ್ಟು, ಕಬ್ಬಿನ ಹಾಲು ಸೇರಿಸಿದ ತೆಳು ಹಿಟ್ಟಿನಲ್ಲಿ ಬಟ್ಟೆ ಅದ್ದಿ, ಮಗುಚಿ ಹಾಕಿದ ಗಡಿಗೆಯ ಬೆನ್ನಿಗೆ ಒಮ್ಮೆ ತೊಡೆದು ಎತ್ತಿದರೆ ಆಯಿತು. ಕಾಗದಕ್ಕಿಂತ ತೆಳ್ಳಗೆ ಬರುತ್ತದೆ. ಅದಕ್ಕೆ ವೈರಿಗಳು ಇಬ್ಬರು, ಪೆಟ್ಟು ಮತ್ತು ಗಾಳಿಯ ತೇವ. ಪೆಟ್ಟು ತಡೆಯಲು ಸ್ಟೀಲಿನ ಗಟ್ಟಿ ಡಬ್ಬಿ ಬೇಕು, ಅಳ್ಳಕವಾಗಿ ಅಲ್ಲ, ಅಲುಗದಂತೆ ತುಂಬಬೇಕು. ಮೇಲೆ ಉಳಿದ ಜಾಗಕ್ಕೆ ಅವಲಕ್ಕಿ ಸುರಿಯಿರಿ, ಪುಣೆಯಲ್ಲಿ ಅವನಿಗೆ ತಿಂಡಿಗೂ ಆಯಿತು. ತೇವಕ್ಕೆ ಮುಚ್ಚಳದ ಸುತ್ತ ಟೇಪು. ಮಳೆಗಾಲದಲ್ಲಿ ಮಾತ್ರ ಈ ಸಾಹಸ ಬೇಡ. ಆಲೆಮನೆಯ ಕಾಲದಲ್ಲಿ, ಚಳಿ ಹಿಡಿದಾಗ ಒಯ್ಯಿರಿ. ಪುಡಿಯಾದದ್ದನ್ನು ಎಸೆದಿಲ್ಲ ತಾನೆ? ಬಿಸಿ ಹಾಲು ಹಾಕಿ ಕೊಟ್ಟರೆ ಮಗನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಪ್ರಶ್ನೆ: ಬೆಳಗಾವಿಯ ಮಂಡಿಗೆ ಹೆದ್ದಾರಿ ಅಂಗಡಿಗಳಲ್ಲಿ ಸಿಗುತ್ತದೆಯೇ? — ವಿದ್ಯಾರ್ಥಿನಿ, ಕೋಲಾರ

ಕೊಡೆಯಷ್ಟು ಅಗಲದ, ಉಸಿರಿಗೇ ಹಾರುವಷ್ಟು ತೆಳುವಾದ ಪದಾರ್ಥ ಅದು, ಮಗಳೇ. ಮದುವೆ ಮನೆಗೆಂದು ಹೇಳಿ ಮಾಡಿಸುವವರೇ ಹೆಚ್ಚು. ಬಸ್ಸಿಳಿದು ಓಡಿ ಹೋಗಿ ತರುವಂಥದ್ದಲ್ಲ. ನಾನೂ ಮೂವತ್ತೊಂದು ವರ್ಷ ಮನಸ್ಸಿನಲ್ಲೇ ಮಂಡಿಗೆ ತಿಂದೆ. ನಿಜವಾಗಿ ತಿಂದದ್ದು ನಿವೃತ್ತಿಯಾದ ಮೇಲೆ, ಒಂದು ಮದುವೆಯಲ್ಲಿ, ಎರಡು ಸಲ ಹಾಕಿಸಿಕೊಂಡು.

ಪ್ರಶ್ನೆ: ಮೈಸೂರಿಗೆ ಹೊಸ ಹೆದ್ದಾರಿಯಲ್ಲಿ ಹೋದರೆ ಮದ್ದೂರು ಸಿಗುವುದೇ ಇಲ್ಲ. ಮೈಸೂರು ಪಾಕ್‌ನಲ್ಲಿ ಗಟ್ಟಿಯದು ಅಸಲಿಯೋ, ಮೆತ್ತನೆಯದೋ? — ಓದುಗರು, ರಾಜಾಜಿನಗರ, ಬೆಂಗಳೂರು

ಎರಡು ಪ್ರಶ್ನೆ ಒಂದೇ ಟಿಕೆಟ್ಟಿನಲ್ಲಿ ಹತ್ತಿಸಿದ್ದೀರಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆ ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬದಿಗೆ ಸರಿಸಿ ಹೋಗುತ್ತದೆ. ಬೊಂಬೆಯವರು, ತಟ್ಟೆ ಇಡ್ಲಿಯವರು, ವಡೆಯವರು ಹಳೆಯ ರಸ್ತೆಯಲ್ಲೇ ಇದ್ದಾರೆ. ಉಳಿಸಿದ ಹೊತ್ತಿನಲ್ಲಿ ಮೈಸೂರಿಗೆ ಹೋಗಿ ಏನು ಮಾಡುತ್ತೀರಿ? ಪಾರ್ಕಿಂಗ್ ಹುಡುಕುತ್ತೀರಿ. ಹೋಗುವಾಗ ಹೊಸದು, ಬರುವಾಗ ಹಳೆಯದು ಎಂದು ಇಟ್ಟುಕೊಳ್ಳಿ. ವಡೆ ಸಿಹಿಯಲ್ಲದ್ದರಿಂದ ಅದರ ಬಗ್ಗೆ ಇಷ್ಟೇ.

ಪಾಕ್ ಮಾತಿಗೆ ಬಂದರೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪ ಮಾಡಿದರೆಂದೇ ಹೇಳಿಕೆ. ಅವರ ವಂಶದವರ ಗುರು ಸ್ವೀಟ್ಸ್ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಕುದಿವ ಪಾಕಕ್ಕೆ ಕಡಲೆ ಹಿಟ್ಟು ಹಾಕಿ, ಕಾದ ತುಪ್ಪ ಸುರಿಸುತ್ತ ತಿರುವುವಾಗ ಹಿಟ್ಟು ನೊರೆಗಟ್ಟಿ ಉಬ್ಬುತ್ತದೆ. ಆ ಹಂತದಲ್ಲೇ ತಟ್ಟೆಗೆ ಸುರಿದರೆ ಜೇನುಗೂಡಿನಂತೆ ತೂತುತೂತಾಗಿ ಗಟ್ಟಿಯಾಗುತ್ತದೆ. ಮೊದಲೇ ಇಳಿಸಿ, ತುಪ್ಪ ಹೆಚ್ಚು ಹಾಕಿದರೆ ಬಾಯಲ್ಲಿ ಕರಗುವ ಮೆತ್ತನೆಯದು. ಯಾವುದು ಅಸಲಿ ಎಂದು ಪೈಪೋಟಿ ಬೇಡ, ಯಾವುದು ಪಯಣಕ್ಕೆ ಎಂದು ಕೇಳಿ. ಮೆತ್ತನೆಯದು ಬೇಸಿಗೆಯಲ್ಲಿ ಚೀಲದ ತಳ ಸೇರಿದರೆ ಉಂಡೆ. ಗಟ್ಟಿಯದು ದೂರದ ಪಯಣಕ್ಕೂ ಸರಿ, ಹಲ್ಲಿದ್ದವರಿಗೆ ಮಾತ್ರ.

ಪ್ರಶ್ನೆ: ನಿಜ ಹೇಳಿ, ಕೈಗೆ ಕೊಟ್ಟ ಡಬ್ಬಿ ಬಿಚ್ಚಿ ನೀವು ತಿಂದದ್ದೇ ಇಲ್ಲವೇ? — ನಿಮ್ಮ ಹಾಗೆಯೇ ನಿವೃತ್ತ ಕಂಡಕ್ಟರ್, ಗದಗ

ಒಮ್ಮೆ. ಲೈನ್ ಬಜಾರಿನ ಪೇಡೆ, ಒಂದು ಕಿಲೋ. ಮೆಜೆಸ್ಟಿಕ್‌ನಲ್ಲಿ ಪಡೆಯಬೇಕಾದವರು ಬರಲಿಲ್ಲ. ಆಗ ಮೊಬೈಲ್ ಇರಲಿಲ್ಲ. ಡಬ್ಬಿ ಬೆಳಗಾವಿಗೆ ಮರಳಿತು, ಮತ್ತೆ ಬೆಂಗಳೂರಿಗೆ ಬಂತು, ಮತ್ತೆ ಯಾರೂ ಇಲ್ಲ. ಮೂರನೆಯ ಸಲ ಬೆಂಗಳೂರಿಗೆ ಬರುವ ರಾತ್ರಿ ಹಿರಿಯೂರಿನ ಆಚೆ ಟೈರು ಹೋಯಿತು. ಸ್ಟೆಪ್ನಿ ಹಾಕುವಷ್ಟರಲ್ಲಿ ಎರಡೂವರೆ ಗಂಟೆ, ಹೊಟ್ಟೆಯಲ್ಲಿ ಏನೂ ಇಲ್ಲ. "ಹೆಂಗೂ ಕೆಡತೈತಿ" ಎಂದ ಡ್ರೈವರ್. ನಾನು ಕೆಡುವುದಿಲ್ಲ ಎಂದೆ, ಕೆಡುವುದಿಲ್ಲ ಎನ್ನುತ್ತಲೇ ದಾರ ಬಿಚ್ಚಿದೆ. ಅರ್ಧ ಖಾಲಿ.

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಿದ್ದಂತೆ ಒಬ್ಬರು ಬಂದು, "ಬೆಳಗಾವಿ ಬಸ್ಸಾ? ನಮ್ಮಣ್ಣ ಪೇಡೆ ಕಳಿಸಿದ್ರಂತೆ" ಎಂದರು. ನಾಳಿದ್ದು ಬನ್ನಿ, ಡಿಪೋದಲ್ಲಿ ಜಮಾ ಆಗಿದೆ ಎಂದು ಸುಳ್ಳು ಹೇಳಿದೆ. ಮರಳುವಾಗ ಧಾರವಾಡದಲ್ಲಿ ಇಳಿದು ಸ್ವಂತ ದುಡ್ಡಿನಲ್ಲಿ ಒಂದು ಕಿಲೋ ಕೊಂಡೆ, ಹಳೆಯ ಡಬ್ಬಿಗೇ ತುಂಬಿ, ಅದೇ ದಾರ ಕಟ್ಟಿ ಕೊಟ್ಟೆ. ಲೈನ್ ಬಜಾರಿನಲ್ಲಿ ಆ ದಿನದ್ದು ಮುಗಿದಿತ್ತು, ಕೊಂಡದ್ದು ಬೇರೆ ಅಂಗಡಿಯದು. ತಿಂಗಳ ಮೇಲೆ ಅವರೇ ಮತ್ತೊಂದು ಡಬ್ಬಿ ಪಡೆಯಲು ಬಂದರು. ಬಿಚ್ಚಿ ಒಂದು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡುತ್ತ, "ಹೋದ ಸಲದ್ದೇ ಚೆನ್ನಾಗಿತ್ತು ಕಣ್ರೀ, ಅಣ್ಣನಿಗೆ ಹೇಳಿ" ಎಂದರು.